ಅಮ್ಮನ ಹಳೇ ಫೋನಿಗೆ ಮತ್ತೆ ಜೀವ ಬಂತು: ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801
ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕೆ ನಮ್ಮ ಮನೆ. ಮೊಬೈಲ್ ಸಿಗ್ನಲ್ ಬೇಕೆಂದರೆ ತೋಟದ ದರೆ ಹತ್ತಬೇಕು. ಲ್ಯಾಂಡ್‌ಲೈನ್ ತಂತಿ ಮಳೆಗಾಲ ಬಂತೆಂದರೆ ಮರ ಬಿದ್ದು ಹರಿಯುತ್ತಿತ್ತು. ಫೈಬರ್ ಬಂದ ಮೇಲೆ ಅದನ್ನು ಬಿಡಿಸಿದೆವು. ಫೋನು ಮಾತ್ರ ಜಗಲಿಯ ಗೂಡಿನಲ್ಲೇ ಇತ್ತು, ಅಮ್ಮ ತೆಗೆಯಲು ಬಿಡಲಿಲ್ಲ. ಅಡಿಕೆ ಸುಲಿದು ದಡ್ಡುಗಟ್ಟಿದ ಬೆರಳು, ಮೊಬೈಲಿನ ಗಾಜು ಅದಕ್ಕೆ ಓಗೊಡುವುದೇ ಇಲ್ಲ. ಜರ್ಮನಿಯಿಂದ ಅಕ್ಕ ಮಾಡಿದ ಕರೆ ಎತ್ತುವಷ್ಟರಲ್ಲಿ ನಿಂತುಹೋಗುತ್ತಿತ್ತು.

ಅದಕ್ಕೇ ಹಳೇ ಫೋನನ್ನು ಇಂಟರ್ನೆಟ್‌ಗೆ ಜೋಡಿಸುವ ಈ ಎಚ್‌ಟಿ801 ಅಡಾಪ್ಟರ್ ತರಿಸಿದೆ. ಅಂಗೈಯಷ್ಟು ಡಬ್ಬಿ. ಫೋನಿನ ತಂತಿಗೊಂದು ಸಾಕೆಟ್, ರೌಟರಿನಿಂದ ಬರುವ ಕೇಬಲಿಗೊಂದು. ಮಾತನ್ನು ಇಂಟರ್ನೆಟ್‌ಗೆ ಹಾಕುವುದೂ, ಕರೆ ಬಂದಾಗ ಫೋನಿನ ಗಂಟೆ ಬಾರಿಸುವ ಕರೆಂಟ್ ಕೊಡುವುದೂ ಇದೇ ಡಬ್ಬಿ. ಕಂಪ್ಯೂಟರ್ ಬೇಕಾಗುವುದು ಸೆಟ್ಟಿಂಗ್ ಮಾಡುವಾಗ ಮಾತ್ರ. ರಿಸೀವರ್ ಎತ್ತಿ ಸ್ಟಾರ್ ಮೂರು ಸಲ, ಆಮೇಲೆ 02 ಒತ್ತಿದರೆ ಡಬ್ಬಿಯೇ ತನ್ನ ಐಪಿ ವಿಳಾಸ ಹೇಳುತ್ತದೆ. ಅದನ್ನು ಬ್ರೌಸರಿನಲ್ಲಿ ಹೊಡೆದರೆ ಸೆಟ್ಟಿಂಗ್ ಪುಟ ತೆರೆಯುತ್ತದೆ.

ಇಂಟರ್ನೆಟ್ ಮೂಲಕ ಕರೆ ಮಾಡುವ ಲಿನ್‌ಫೋನ್ ಎಂಬ ಆ್ಯಪ್‌ನವರಲ್ಲಿ ಎರಡು ಉಚಿತ ಸಿಪ್ ಖಾತೆ (ಇಂಟರ್ನೆಟ್ ಕರೆಗೆ ಫೋನ್ ನಂಬರಿನ ಹಾಗೆ) ಮಾಡಿದೆ, ಒಂದು ಡಬ್ಬಿಗೆ, ಇನ್ನೊಂದು ಅಕ್ಕನ ಮೊಬೈಲಿಗೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಫ್‌ಹುಕ್ ಆಟೋ ಡಯಲ್. ಅಲ್ಲಿ ಅಕ್ಕನ ಖಾತೆ ಬರೆದಿಟ್ಟಿದ್ದೇನೆ. ಅಮ್ಮ ರಿಸೀವರ್ ಎತ್ತಿದರೆ ಸಾಕು, ನಂಬರ್ ಒತ್ತುವುದೇ ಬೇಡ, ಅಕ್ಕನಿಗೆ ರಿಂಗ್ ಹೋಗುತ್ತದೆ.

ಮೊದಲೆರಡು ದಿನ ಒದ್ದಾಡಿದೆ. ಅಮ್ಮನ ಮಾತು ಅಲ್ಲಿಗೆ ಹೋಗುತ್ತಿತ್ತು, ಅಕ್ಕನದು ಇಲ್ಲಿ ಕೇಳುತ್ತಿರಲಿಲ್ಲ. ತಪ್ಪು ಡಬ್ಬಿಯದಲ್ಲ, ಫೈಬರಿನವರು ಕೊಟ್ಟ ರೌಟರಿನಲ್ಲಿ ಸಿಪ್ ಎಎಲ್‌ಜಿ ಎಂಬ, ಇಂಟರ್ನೆಟ್ ಕರೆಗಳ ನಡುವೆ ಕೈಹಾಕುವ ಸೆಟ್ಟಿಂಗ್ ಆನ್ ಇತ್ತು. ಅದನ್ನು ಆಫ್ ಮಾಡಿದ ಕೂಡಲೇ ಸರಿಯಾಯಿತು. ಮಾತನ್ನು ಡೇಟಾ ಮಾಡುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ, ನಾನು ಜಿ.711 ಇಟ್ಟಿದ್ದೇನೆ. ಗಂಟೆಗಟ್ಟಲೆ ಮಾತಾಡಿದರೂ ಡೇಟಾ ಖರ್ಚಿನ ಚಿಂತೆಯಿಲ್ಲ, ಗಂಟೆಗೆ 80 ಎಂಬಿ ಆಸುಪಾಸು.

ಕೊಳ್ಳುವವರು ಕೆಲವನ್ನು ಮೊದಲೇ ತಿಳಿದಿರಬೇಕು. ಇದು ಲ್ಯಾಂಡ್‌ಲೈನಿಗೆ ಬದಲಿ ಅಲ್ಲ. ನಾನು ಮಾಡಿಕೊಂಡಂತೆ ಮಾಡಿದರೆ ಖಾತೆಯಿಂದ ಖಾತೆಗೆ ಮಾತ್ರ ಕರೆ, ಊರಿನವರ ನಂಬರಿಗೆ ಹೋಗದು, 112ಕ್ಕೂ ಹೋಗದು. ಆಪತ್ತಿಗೆ ಬೇರೆ ಫೋನ್ ಇರಲೇಬೇಕು. ಕರೆಂಟ್ ಹೋದರೆ ಇದೂ ಸತ್ತ ಹಾಗೆ. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಇದಕ್ಕೆ ಹಾಗಿಲ್ಲ. ರೌಟರ್, ಫೈಬರ್ ಡಬ್ಬಿ, ಇದು, ಮೂರನ್ನೂ ಒಂದೇ ಯುಪಿಎಸ್‌ಗೆ ಹಾಕಿದ್ದೇನೆ. ಗುಡುಗು ಶುರುವಾದರೆ ಮುಲಾಜಿಲ್ಲದೆ ಪ್ಲಗ್ ಕೀಳುತ್ತೇನೆ. ಹಳೇ ಟೆಲಿಫೋನ್ ಲೈನ್ ಇನ್ನೂ ಇರುವವರು ಅದನ್ನು ತಪ್ಪಿಯೂ ಡಬ್ಬಿಯ ಫೋನ್ ಸಾಕೆಟ್‌ಗೆ ಸಿಕ್ಕಿಸಬೇಡಿ, ಸುಟ್ಟುಹೋದೀತು.

ಕಳೆದ ವಾರ ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಿ ತೋಟದಿಂದ ಬಂದೆ. ಅಮ್ಮ ಗೂಡಿನ ಪಕ್ಕ ಮಣೆ ಹಾಕಿಕೊಂಡು ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಲಸಿನ ಬೀಜ ಸುಲಿಯುತ್ತಾ ಅಕ್ಕನಿಗೆ ಹೇಳುತ್ತಿತ್ತು: “ಈಗ ನೋಡು, ನೀ ಉಸಿರು ಬಿಟ್ಟದ್ದೂ ಕೇಳ್ತದೆ.”