ರಾಡು ಬಿಗಿಯುವ, ಬಿಚ್ಚುವ ಸಲಕರಣೆಗಳು: ಹೈಡ್ರಾಲಿಕ್ ರೆಂಚ್ ಬಳಸಿದ ಮೇಲಿನ ವಿಮರ್ಶೆ

200 ಮೀಟರ್ ಆಳದ ಕೊಳವೆಬಾವಿಯನ್ನು 6 ಮೀಟರ್ ಉದ್ದದ ರಾಡುಗಳಿಂದ ಕೊರೆಯಬೇಕಾದರೆ 34 ರಾಡುಗಳು ಬೇಕಾಗುತ್ತವೆ. ಕೆಳಗಿಳಿಸುವಾಗ ಅಷ್ಟೂ ಜೋಡಣೆಗಳನ್ನು ಬಿಗಿಯಬೇಕು, ಮೇಲೆತ್ತುವಾಗ ಅಷ್ಟನ್ನೂ ಬಿಚ್ಚಬೇಕು. ತಳದ ಹತ್ತಿರ ಬಂದಾಗ ಕಲ್ಲು ಕೊರೆಯುವ ತುದಿಯಾದ ಬಿಟ್ ಸವೆದು ಬದಲಿಸಬೇಕಾಗಿ ಬಂದರೆ ಈ ಕೆಲಸ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೂ ಕೊರೆಯುವ ಯಂತ್ರವಾದ ರಿಗ್ ಕೊಳ್ಳುವವರು ಕಂಪ್ರೆಸರಿನ ಒತ್ತಡವೆಷ್ಟು, ಎಂಜಿನ್ನಿನ ಶಕ್ತಿಯೆಷ್ಟು, ರಿಗ್ಗಿನ ಎತ್ತರದ ಕಂಬವಾದ ಮಾಸ್ಟ್ ಎಷ್ಟು ಭಾರ ಎತ್ತುತ್ತದೆ ಎಂದು ವಿಚಾರಿಸುವಷ್ಟು ಆಸ್ಥೆಯಿಂದ ರಾಡು ಬಿಚ್ಚುವ ರೆಂಚಿನ ಬಗ್ಗೆ ವಿಚಾರಿಸುವುದಿಲ್ಲ. ಚೈನ್ ರೆಂಚನ್ನೂ ಸುತ್ತಿಗೆಯನ್ನೂ ನಂಬಿ ಹಲವು ವರ್ಷ ಕೆಲಸ ಮಾಡಿದ ಮೇಲೆ, ಮಾಸ್ಟಿನ ಬುಡಕ್ಕೆ ಜೋಡಿಸುವ, ಎಣ್ಣೆಯ ಒತ್ತಡದಿಂದ ಜೋಡಣೆ ಬಿಚ್ಚುವ ಹೈಡ್ರಾಲಿಕ್ ಬ್ರೇಕ್‌ಔಟ್ ರೆಂಚನ್ನು ಬಳಸುವ ಅವಕಾಶ ನನಗೆ ದೊರೆಯಿತು. ಅದರ ಬಗ್ಗೆ, ಮತ್ತು ಅದರೊಂದಿಗೆ ಹೋಲಿಸಬೇಕಾದ ಹಳೆಯ ಸಲಕರಣೆಗಳ ಬಗ್ಗೆ, ಬಳಸಿದವನಾಗಿ ನನ್ನ ಅಭಿಪ್ರಾಯವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಜೋಡಣೆಯ ಸ್ವಭಾವವನ್ನು ಹೇಳಬೇಕು, ಏಕೆಂದರೆ ಅದು ತಿಳಿಯದೆ ಸಲಕರಣೆಯ ಗುಣದೋಷ ಅಳೆಯಲು ಬರುವುದಿಲ್ಲ. ಕೊರೆಯುವ ರಾಡಿನ ಗಂಡು ತುದಿ ನೇರವಾದ ಬೋಲ್ಟಿನಂತಿರದೆ ತುದಿಯತ್ತ ಕಿರಿದಾಗುತ್ತ ಹೋಗುತ್ತದೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ (ಎಪಿಐ) ಮಾನದಂಡದ ಮೂರೂವರೆ ಇಂಚಿನ ರೆಗ್ಯುಲರ್ ಥ್ರೆಡ್ಡಿನಲ್ಲಿ ಇಂಚಿಗೆ 5 ಸುತ್ತುಗಳಿದ್ದು, ಅಡಿ ಉದ್ದಕ್ಕೆ ವ್ಯಾಸವು 3 ಇಂಚಿನ ಲೆಕ್ಕದಲ್ಲಿ ಇಳಿಯುತ್ತದೆ. ಹೀಗಿರುವುದರಿಂದಲೇ ಗಂಡು ತುದಿಯನ್ನು ಹೆಣ್ಣು ತುದಿಯೊಳಗೆ ಇಳಿಸಿ ಕೆಲವೇ ಸುತ್ತು ತಿರುಗಿಸಿದರೆ ಎರಡೂ ರಾಡುಗಳ ಭುಜಗಳು, ಅಂದರೆ ಥ್ರೆಡ್ಡಿನ ಪಕ್ಕದ ಚಪ್ಪಟೆ ಅಂಚುಗಳು, ಒಂದಕ್ಕೊಂದು ತಾಗುತ್ತವೆ. ಗಾಳಿಯನ್ನೋ ನೀರನ್ನೋ ಸೋರದಂತೆ ತಡೆಯುವುದು ಈ ಭುಜಗಳ ಒತ್ತು. ಥ್ರೆಡ್ಡಿನ ಕೆಲಸ ಆ ಭುಜಗಳನ್ನು ಒತ್ತಿ ಹಿಡಿದಿಡುವುದು. ಭುಜ ತಾಗುವವರೆಗೆ ಬೇಕಾಗುವುದು ವೇಗ, ತಾಗಿದ ಮೇಲೆ ಬೇಕಾಗುವುದು ಬಲ. ಬಿಚ್ಚುವಾಗ ಈ ಕ್ರಮ ತಿರುಗುಮುರುಗಾಗಿ, ಮೊದಲ ಅರ್ಧ ಅಂಗೈ ಅಗಲದ ಚಲನೆಗೆ ಅಪಾರ ಬಲ ಬೇಕು, ಉಳಿದ ಸುತ್ತುಗಳನ್ನು ರಿಗ್ಗಿನ ತಿರುಗುತಲೆಯೇ ಸಲೀಸಾಗಿ ತೆಗೆಯುತ್ತದೆ. ಆ ಮೊದಲ ಅಲುಗಾಟವನ್ನು ಯಾವ ಸಲಕರಣೆ ಹೇಗೆ ತರುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ.

ಬಿಗಿಯುವುದಕ್ಕಿಂತ ಬಿಚ್ಚುವುದು ಕಷ್ಟವೆಂಬುದನ್ನು ಗಟ್ಟಿ ಕಲ್ಲಿನಲ್ಲಿ ಕೊರೆದವರಿಗೆ ಬೇರೆ ಹೇಳಬೇಕಾಗಿಲ್ಲ. ಬಾವಿಯ ತಳದಲ್ಲಿ, ಗಾಳಿಯ ಒತ್ತಡದಿಂದ ಬಿಟ್ಟಿಗೆ ಪೆಟ್ಟು ಕೊಡುವ ಹ್ಯಾಮರ್ ಕುಟ್ಟುತ್ತಿರುವಷ್ಟು ಹೊತ್ತೂ ರಾಡುಗಳು ಬಲಕ್ಕೆ ತಿರುಗುತ್ತಲೇ ಇರುತ್ತವೆ. ಪ್ರತಿ ಪೆಟ್ಟಿನ ಕಂಪನವೂ, ಬಿಟ್ ಸಿಕ್ಕಿಕೊಂಡಾಗ ಬರುವ ಪ್ರತಿ ಜಗ್ಗೂ ಜೋಡಣೆಯನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಮೇಲೆ ನಿಂತು ನಾವು ಬಿಗಿದದ್ದಕ್ಕಿಂತ ಹೆಚ್ಚು ಬಿಗಿಯಾಗಿ ರಾಡು ಹೊರಗೆ ಬರುತ್ತದೆ. ಒಂದು ಮೀಟರ್ ಉದ್ದದ ಹಿಡಿಯಿರುವ ಪೈಪ್ ರೆಂಚಿನ ತುದಿಯಲ್ಲಿ ಒಬ್ಬ ಗಟ್ಟಿ ಆಳು 50 ಕಿಲೋ ಭಾರಕ್ಕೆ ಸಮನಾದ ಬಲ ಹಾಕಿದರೆ ದೊರೆಯುವ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 490 ನ್ಯೂಟನ್ ಮೀಟರ್. ಇಬ್ಬರು ನೇತುಬಿದ್ದರೂ ಅದು ಸಾವಿರದ ಆಸುಪಾಸು. ಈ ಅಳತೆಯ ರಾಡುಗಳನ್ನು ಬಿಚ್ಚಲು ಅದರ ಹಲವು ಪಟ್ಟು ಬೇಕು. ಆ ಕೊರತೆಯನ್ನು ತುಂಬಲೆಂದು ಹಿಡಿಗೆ ಉದ್ದದ ಕೊಳವೆ ತೊಡಿಸುವುದು, ಜೋಡಣೆಯ ಮೇಲೆ ದೊಡ್ಡ ಸುತ್ತಿಗೆಯಿಂದ ಬಡಿಯುವುದು ಶುರುವಾಗುತ್ತದೆ. ಕೈ ಮುರಿಯುವುದೂ ಹಲ್ಲು ಉದುರುವುದೂ ಅಲ್ಲಿಂದಲೇ.

ಚೈನ್ ರೆಂಚನ್ನು ನಾನು ಹಳೆಯ ಕಾಲದ ವಸ್ತುವೆಂದು ತಳ್ಳಿಹಾಕುವುದಿಲ್ಲ. ಅದರ ಸರಪಳಿ ಕೊಳವೆಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಿ ಹಿಡಿಯುವುದರಿಂದ, ಎರಡೇ ಕಡೆ ಕಚ್ಚುವ ಪೈಪ್ ರೆಂಚಿಗಿಂತ ಒತ್ತಡ ಚೆನ್ನಾಗಿ ಹಂಚಿಹೋಗುತ್ತದೆ. ಬಾವಿ ಕುಸಿಯದಂತೆ ಇಳಿಸುವ ತೆಳು ಗೋಡೆಯ ಉಕ್ಕಿನ ಕೇಸಿಂಗ್ ಕೊಳವೆ ಜೋಡಿಸುವಾಗ ನಾನು ಈಗಲೂ ಅದನ್ನೇ ಕೇಳಿ ಪಡೆಯುತ್ತೇನೆ; ಪಿವಿಸಿ ಕೇಸಿಂಗಿಗೆ ಮಾತ್ರ ಅದು ಸಲ್ಲದು, ಅಲ್ಲಿ ಪಟ್ಟಿಯ ರೆಂಚೇ ಸರಿ. ಆದರೆ ಚೈನ್ ರೆಂಚಿನ ಸರಪಳಿಗೆ ಒಂದು ಮಿತಿಯಿದೆ. ಆ ಮಿತಿಯನ್ನು ನಿರ್ಧರಿಸಿ ತಯಾರಕರು ಹಿಡಿಯ ಉದ್ದವನ್ನು ಇಟ್ಟಿರುತ್ತಾರೆ. ಹಿಡಿಗೆ ಕೊಳವೆ ತೊಡಿಸಿದ ಕ್ಷಣದಲ್ಲಿ ಆ ಲೆಕ್ಕ ಕೆಡುತ್ತದೆ. ಕೊಂಡಿಗಳು ಹಿಗ್ಗಿದ, ಗೂಟಗಳು ಸವೆದ ಸರಪಳಿ ನೋಡಲು ಸರಿಯಾಗಿಯೇ ಕಾಣುತ್ತಿದ್ದು, ಪೂರ್ತಿ ಭಾರ ಬಿದ್ದಾಗಲೇ ಕಡಿಯುತ್ತದೆ. ಹಾಗೆ ಕಡಿದಾಗ ಹಿಡಿಯನ್ನು ಎಳೆಯುತ್ತಿದ್ದ ಒಬ್ಬ ಸಹೋದ್ಯೋಗಿ ಹಿಮ್ಮುಖವಾಗಿ ಬಿದ್ದು ಮುಂಗೈ ಮುರಿದುಕೊಂಡದ್ದನ್ನು ನಾನು ಎದುರಿಗೇ ನಿಂತು ನೋಡಿದ್ದೇನೆ. ಆ ದಿನದಿಂದ ರಾಡು ಬಿಚ್ಚುವುದಕ್ಕೆ ಚೈನ್ ರೆಂಚ್ ಬಳಸಲು ನನ್ನ ಮನಸ್ಸು ಒಪ್ಪಿಲ್ಲ.

ದೊಡ್ಡ ರೋಟರಿ ರಿಗ್ಗುಗಳಲ್ಲಿ ತೂಗುಹಾಕಿರುವ, ಇಕ್ಕಳದಂತೆ ಹಿಡಿಯುವ ಜೋಡಿ ಟಾಂಗ್‌ಗಳದು ಬೇರೆಯೇ ವರ್ಗ. ಒಂದು ಟಾಂಗ್ ಕೆಳಗಿನ ರಾಡನ್ನು ಹಿಡಿದು, ಕಂಬಕ್ಕೆ ಕಟ್ಟಿದ ಉಕ್ಕಿನ ಹಗ್ಗದ ಬಲದಿಂದ ಅಲುಗದೆ ನಿಲ್ಲುತ್ತದೆ. ಇನ್ನೊಂದನ್ನು ರಿಗ್ಗಿನ ಹಗ್ಗ ಸುತ್ತಿ ಎಳೆಯುವ ಉರುಳೆಯಾದ ಕ್ಯಾಟ್‌ಹೆಡ್ ಎಳೆಯುತ್ತದೆ. ಬಲಕ್ಕೆ ಇಲ್ಲಿ ಕೊರತೆಯಿಲ್ಲ, 5 ಇಂಚಿನ ರಾಡುಗಳಿಗೆ ಬೇಕಾಗುವ 30 ರಿಂದ 40 ಸಾವಿರ ನ್ಯೂಟನ್ ಮೀಟರ್ ಟಾರ್ಕನ್ನೂ ಇವು ಕೊಡಬಲ್ಲವು. ಆದರೆ ಎಳೆಯುವ ಹಗ್ಗ ಟಾಂಗಿನ ಹಿಡಿಗೆ 90 ಡಿಗ್ರಿಯಲ್ಲಿ ಇದ್ದಾಗ ಮಾತ್ರ ಗೇಜ್ ತೋರಿಸುವ ಎಳೆತಕ್ಕೂ ಜೋಡಣೆಗೆ ತಲುಪುವ ಟಾರ್ಕಿಗೂ ತಾಳೆಯಾಗುತ್ತದೆ. ಕೋನ 60 ಡಿಗ್ರಿಗೆ ಇಳಿದರೆ ಶೇಕಡ 13ರಷ್ಟು, 45 ಡಿಗ್ರಿಗೆ ಇಳಿದರೆ ಶೇಕಡ 29ರಷ್ಟು ಟಾರ್ಕ್ ಕಡಿಮೆಯಾಗುತ್ತದೆ, ಗೇಜಿನ ಮುಳ್ಳು ಮಾತ್ರ ಅದೇ ಅಂಕಿಯ ಮೇಲೆ ನಿಂತಿರುತ್ತದೆ. ಜೋಡಣೆಯು ರಿಗ್ಗಿನ ನೆಲದಲ್ಲಿ ರಾಡನ್ನು ಕಚ್ಚಿ ಹಿಡಿಯುವ ಬೆಣೆಗಳಾದ ಸ್ಲಿಪ್‌ಗಿಂತ ಬಹಳ ಮೇಲಿದ್ದರೆ ಟಾಂಗಿನ ಎಳೆತಕ್ಕೆ ರಾಡೇ ಬಾಗುತ್ತದೆ. ಎಷ್ಟು ಎತ್ತರದವರೆಗೆ ಇರಬಹುದು ಎಂಬ ಲೆಕ್ಕ ಎಪಿಐ ಕೈಪಿಡಿಯಲ್ಲಿಯೇ ಇದೆ. ಈ ಟಾಂಗ್‌ಗಳ ಜೊತೆಗೆ ರಾಡನ್ನು ವೇಗವಾಗಿ ಸುತ್ತಿಸಲು ಹಿಂದೆ ಬಳಸುತ್ತಿದ್ದ ಎಸೆಯುವ ಸರಪಳಿಯನ್ನು ಅನೇಕ ಕಡೆ ಕೈಬಿಟ್ಟಿದ್ದಾರೆ, ಮತ್ತು ಕೈಬಿಟ್ಟದ್ದು ಸರಿ: ಬೆರಳು ಸಿಕ್ಕಿಕೊಳ್ಳಲು ಅದಕ್ಕಿಂತ ಅನುಕೂಲವಾದ ಸಾಧನ ರಿಗ್ಗಿನ ಮೇಲೆ ಇನ್ನೊಂದಿರಲಿಲ್ಲ.

ಈಗ ಹೈಡ್ರಾಲಿಕ್ ರೆಂಚಿನ ವಿಷಯ. ಇದರಲ್ಲಿ ಹಲ್ಲಿನ ತುಂಡುಗಳನ್ನು ಕೂರಿಸಿದ ಒಂದು ದವಡೆ ಮತ್ತು ಆ ದವಡೆಯ ತೋಳನ್ನು ತಳ್ಳುವ ಒಂದು ಸಿಲಿಂಡರ್ ಇರುತ್ತವೆ. ನಾನು ಬಳಸಿದ ರೆಂಚಿನ ಸಿಲಿಂಡರಿನ ಒಳವ್ಯಾಸ 80 ಮಿಲಿಮೀಟರ್, ತೋಳಿನ ಉದ್ದ 400 ಮಿಲಿಮೀಟರ್. 160 ಬಾರ್ ಒತ್ತಡದಲ್ಲಿ ಸಿಲಿಂಡರ್ ಸುಮಾರು 80 ಕಿಲೋನ್ಯೂಟನ್ ಬಲದಿಂದ ತಳ್ಳುತ್ತದೆ, ಅಂದರೆ ಜೋಡಣೆಗೆ ಸುಮಾರು 32 ಸಾವಿರ ನ್ಯೂಟನ್ ಮೀಟರ್ ಟಾರ್ಕ್ ಸಿಗುತ್ತದೆ. ಪೈಪ್ ರೆಂಚಿಗೆ ಜೋತುಬಿದ್ದ ಅರವತ್ತಕ್ಕೂ ಹೆಚ್ಚು ಆಳುಗಳ ಕೆಲಸವನ್ನು ಕೈಗೆ ಎಟುಕುವ ಒಂದು ಲಿವರ್ ಮಾಡುತ್ತದೆ, ಅದೂ ಆಳುಗಳು ರಾಡಿನಿಂದ ದೂರ ನಿಂತಿರುವಾಗ. ಮೂರು ಜನ ಸೇರಿ ಹತ್ತು ನಿಮಿಷ ಹೆಣಗುತ್ತಿದ್ದ ಜೋಡಣೆ ಇದರ ಒಂದೋ ಎರಡೋ ತಳ್ಳಿಗೆ ಸಡಿಲವಾದದ್ದನ್ನು ಮೊದಲ ದಿನ ಕಂಡಾಗ ನನಗಾದ ನೆಮ್ಮದಿ ಸಣ್ಣದಲ್ಲ.

ಇಲ್ಲಿ ಕೊಳ್ಳುವವರು ನೋಡಬೇಕಾದ ಒಂದು ಅಂಶವಿದೆ, ಅದನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ಸಿಲಿಂಡರ್ ತಳ್ಳುವಾಗ ಇರುವಷ್ಟು ಬಲ ಎಳೆಯುವಾಗ ಇರುವುದಿಲ್ಲ, ಏಕೆಂದರೆ ಎಳೆಯುವ ಬದಿಯಲ್ಲಿ ಸಿಲಿಂಡರಿನ ದಂಡವೇ ಒಂದಷ್ಟು ಜಾಗವನ್ನು ಆಕ್ರಮಿಸಿರುತ್ತದೆ. 45 ಮಿಲಿಮೀಟರ್ ದಂಡವಿದ್ದರೆ ಮೇಲಿನ 80 ಕಿಲೋನ್ಯೂಟನ್ 55ಕ್ಕೆ ಇಳಿದು, ಟಾರ್ಕ್ 22 ಸಾವಿರಕ್ಕೆ ಬರುತ್ತದೆ. ಹಾಗಾಗಿ ಬಿಚ್ಚುವ ದಿಕ್ಕಿನಲ್ಲಿ ಸಿಲಿಂಡರ್ ತಳ್ಳುವಂತೆ ರೆಂಚನ್ನು ಜೋಡಿಸಿರಬೇಕು. ನನಗೆ ಸಿಕ್ಕ ರಿಗ್ಗಿನಲ್ಲಿ ಜಾಗದ ಅನುಕೂಲಕ್ಕೆಂದು ಅದನ್ನು ತಿರುಗುಮುರುಗಾಗಿ ಜೋಡಿಸಿದ್ದರು. ರೆಂಚಿಗೆ ತಾಕತ್ತಿಲ್ಲವೆಂದು ನಾವು ಕೆಲವು ವಾರ ದೂರಿದೆವು. ಬ್ರಾಕೆಟ್ ಬದಲಾಯಿಸಿದ ಮೇಲೆ ಆ ದೂರು ಉಳಿಯಲಿಲ್ಲ.

ಇಷ್ಟು ಬಲ ಕೈಗೆ ಬಂದಮೇಲೆ ಕೆಳಗಿನ ರಾಡನ್ನು ಹಿಡಿಯುವ ವ್ಯವಸ್ಥೆಯೇ ಮುಖ್ಯವಾಗುತ್ತದೆ. ಸಾಮಾನ್ಯವಾಗಿ ರಾಡಿನ ತುದಿಯಲ್ಲಿ ಚಪ್ಪಟೆಯಾಗಿ ಕೊರೆದ ಭಾಗಕ್ಕೆ ಯು ಆಕಾರದ ಸ್ಪ್ಯಾನರ್ ತೂರಿಸಿ, ಬಾವಿಯ ಬಾಯಿಯ ಮೇಲಿರುವ ರಿಗ್ಗಿನ ಟೇಬಲ್ಲಿನ ಮೇಲೆ ಕೂರಿಸುತ್ತಾರೆ. ಆ ಸ್ಪ್ಯಾನರೇ ತಿರುಗದಂತೆ ತಡೆಯುವುದೂ ಹೌದು, ಕೆಳಗಿರುವ ಎಲ್ಲ ರಾಡುಗಳ ಭಾರವನ್ನು ಹೊರುವುದೂ ಹೌದು. ಸ್ಪ್ಯಾನರಿನ ಅಂಚು ದುಂಡಾಗಿದ್ದರೆ, ಅಥವಾ ರಾಡಿನ ಚಪ್ಪಟೆ ಭಾಗ ಸವೆದಿದ್ದರೆ, ಹೈಡ್ರಾಲಿಕ್ ರೆಂಚಿನ ಬಲ ಅದನ್ನು ಹೊರಗೆ ಹಾರಿಸಬಲ್ಲದು. ಆಮೇಲೆ ಬಾವಿಯೊಳಗೆ ಬಿದ್ದ ರಾಡುಗಳನ್ನು ಹುಡುಕಿ ಮೇಲೆತ್ತುವ ಕೆಲಸಕ್ಕೆ ದಿನಗಳೇ ಹೋಗುತ್ತವೆ. ರೆಂಚಿಲ್ಲದೆ ತಿರುಗುತಲೆಯನ್ನು ಎಡಕ್ಕೆ ತಿರುಗಿಸಿಯೇ ಬಿಚ್ಚುತ್ತೇವೆ ಎನ್ನುವವರೂ ಇದ್ದಾರೆ. ಕೆಳಗೆ ಭದ್ರವಾದ ಹಿಡಿತವಿಲ್ಲದೆ ಹಾಗೆ ಮಾಡಿದರೆ ಬಿಚ್ಚಿಕೊಳ್ಳುವುದು ಎಲ್ಲಕ್ಕಿಂತ ಸಡಿಲವಾದ ಜೋಡಣೆ, ಅದು ಕಣ್ಣಿಗೆ ಕಾಣದ ನೂರು ಮೀಟರ್ ಕೆಳಗೂ ಇರಬಹುದು. ಆದ್ದರಿಂದ ಮೇಲಿನ ರೆಂಚಿನ ಜೊತೆಗೆ ಕೆಳಗಿನ ಹಿಡಿತವನ್ನೂ ಒಂದೇ ಸಲಕರಣೆಯಾಗಿ ಕೊಡುವ ಮಾದರಿಗಳನ್ನೇ ನಾನು ಶಿಫಾರಸು ಮಾಡುತ್ತೇನೆ.

ದವಡೆಯ ಹಲ್ಲುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇವು ಮೇಲ್ಮೈ ಗಟ್ಟಿಗೊಳಿಸಿದ ಉಕ್ಕಿನ ಸಣ್ಣ ತುಂಡುಗಳು. ಸವೆದಾಗ ಬಿಚ್ಚಿ ಬದಲಿಸಬಹುದು. ಇವುಗಳ ಸಂದುಗಳಲ್ಲಿ ಗ್ರೀಸೂ ಕಲ್ಲಿನ ಪುಡಿಯೂ ಸೇರಿ ಗಟ್ಟಿಯಾದರೆ ಹಲ್ಲು ಕಚ್ಚದೆ ಜಾರುತ್ತದೆ. ಜಾರಿದ ಹಲ್ಲು ರಾಡಿನ ಮೈಮೇಲೆ ಗೀರು ಎಳೆಯುತ್ತದೆ, ಅಂಥ ಆಳವಾದ ಗೀರಿನಿಂದಲೇ ಮುಂದೆ ಬಿರುಕು ಶುರುವಾಗುತ್ತದೆ. ದಿನಕ್ಕೊಮ್ಮೆ ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಸಾಕು, ಈ ತೊಂದರೆಯ ಬಹುಭಾಗ ಇಲ್ಲವಾಗುತ್ತದೆ. ಹಿಡಿಯುವ ಜಾಗವೂ ಅಷ್ಟೇ ಮುಖ್ಯ: ರಾಡಿನ ದಪ್ಪ ತುದಿಯನ್ನು ಹಿಡಿಯಬೇಕೇ ಹೊರತು ನಡುವಿನ ತೆಳು ಕೊಳವೆಯನ್ನಲ್ಲ. ಹ್ಯಾಮರ್ ಬಿಚ್ಚುವಾಗ ಇದಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹ್ಯಾಮರಿನ ಹೊರಕವಚದ ಒಳಗೆ ಥ್ರೆಡ್ ಇರುವ ಭಾಗವನ್ನೇ ದವಡೆ ಒತ್ತಿ ಹಿಡಿದರೆ, ಆ ಒತ್ತಿಗೆ ಥ್ರೆಡ್ ಇನ್ನಷ್ಟು ಸಿಕ್ಕಿಕೊಂಡು, ಬಲ ಹೆಚ್ಚಿಸಿದಷ್ಟೂ ಜೋಡಣೆ ಬಿಚ್ಚಲೊಲ್ಲದು. ಆ ಕವಚ ಗಟ್ಟಿಗೊಳಿಸಿದ ಉಕ್ಕು. ಸುತ್ತಿಗೆಯ ಪೆಟ್ಟಿಗೆ ಅದು ಸೀಳುವುದರಿಂದ ಬಡಿಯಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ನಾನು ಬಳಸಿದ ರೆಂಚಿನ ದವಡೆ ರಾಡಿಗೆ ಚೆನ್ನಾಗಿ ಹೊಂದಿದರೂ ಹ್ಯಾಮರಿನ ದಪ್ಪಕ್ಕೆ ಸಾಲುತ್ತಿರಲಿಲ್ಲ, ಅದಕ್ಕೆ ಹ್ಯಾಮರ್ ಬಿಚ್ಚುವ ಪ್ರತ್ಯೇಕ ಬೆಂಚ್ ಬೇಕಾಯಿತು. ಈ ಸಲಕರಣೆಯಲ್ಲಿ ನಾನು ಕಂಡ ಅತಿ ದೊಡ್ಡ ಕೊರತೆ ಇದೇ.

ಗ್ರೀಸನ್ನು ಅಲಕ್ಷಿಸಿದರೆ ಯಾವ ರೆಂಚೂ ಉಪಕಾರಕ್ಕೆ ಬಾರದು. ಥ್ರೆಡ್ಡಿಗೆ ಹಚ್ಚುವ ಗ್ರೀಸಿನಲ್ಲಿ ಲೋಹದ ನುಣುಪಾದ ಪುಡಿ ಇರಬೇಕು. ತೈಲಬಾವಿಗಳ ರೂಢಿಯಲ್ಲಿ ತೂಕದ ಶೇಕಡ 40 ರಿಂದ 60ರಷ್ಟು ಸತು ಇರುವ ಮಿಶ್ರಣಕ್ಕೆ ಮನ್ನಣೆಯಿದೆ. ಆ ಲೋಹದ ಪುಡಿಯೇ ಎರಡು ಉಕ್ಕುಗಳು ಒಂದಕ್ಕೊಂದು ಅಂಟಿ ಕಿತ್ತುಬರದಂತೆ ನಡುವೆ ನಿಲ್ಲುತ್ತದೆ. ಬೇರಿಂಗಿಗೆ ಹಚ್ಚುವ ಸಾಮಾನ್ಯ ಗ್ರೀಸ್ ಜಾರು ಹೆಚ್ಚಿರುವಂಥದ್ದು. ಅದನ್ನು ಹಚ್ಚಿ ಅದೇ ಟಾರ್ಕಿನಲ್ಲಿ ಬಿಗಿದರೆ ಭುಜಗಳ ಮೇಲೆ ಲೆಕ್ಕಕ್ಕಿಂತ ಹೆಚ್ಚು ಒತ್ತು ಬಿದ್ದು ಗಂಡು ತುದಿ ಹಿಗ್ಗುತ್ತದೆ. ಹೊಸ ರಾಡುಗಳನ್ನು ಬಾವಿಗೆ ಇಳಿಸುವ ಮುನ್ನ ಗ್ರೀಸ್ ಹಚ್ಚಿ ಎರಡು ಮೂರು ಬಾರಿ ಬಿಗಿದು ಬಿಚ್ಚುವ ಪದ್ಧತಿ ಬಹಳ ಒಳ್ಳೆಯದು, ಹೈಡ್ರಾಲಿಕ್ ರೆಂಚ್ ಇದ್ದರೆ ಅದು ಬೇಸರವಿಲ್ಲದೆ ಆಗುತ್ತದೆ.

ಸುತ್ತಿಸುವುದು, ಬಿಗಿಯುವುದು, ಬಿಚ್ಚುವುದು ಮೂರನ್ನೂ ತಾನೇ ಮಾಡುವ ಐರನ್ ರಫ್‌ನೆಕ್ ಯಂತ್ರವನ್ನು ತೈಲ ರಿಗ್ಗೊಂದರಲ್ಲಿ ಹತ್ತಿರದಿಂದ ನೋಡಿದ್ದೇನೆ, ನಾನೇ ನಡೆಸಿಲ್ಲ. ದಿನಗಟ್ಟಲೆ ರಾಡು ಇಳಿಸುತ್ತ ಎತ್ತುತ್ತ ಇರುವ ಆಳವಾದ ಬಾವಿಗಳಿಗೆ ಅದು ಯೋಗ್ಯ. ನೀರಿನ ಬಾವಿ ಕೊರೆಯುವ ಸಣ್ಣ ರಿಗ್ಗಿಗೆ ಅದರ ತೂಕವೂ ನಿರ್ವಹಣೆಯೂ ಭಾರವಾಗುತ್ತವೆ.

ಸಣ್ಣ ರಿಗ್ಗಿನವರಿಗೆ ನನ್ನ ಸಲಹೆ ಮಾಸ್ಟಿಗೆ ಜೋಡಿಸುವ ಹೈಡ್ರಾಲಿಕ್ ರೆಂಚೇ. ಕೊಳ್ಳುವಾಗ ದವಡೆ ಅತಿ ಚಿಕ್ಕ ರಾಡಿನಿಂದ ಹ್ಯಾಮರಿನವರೆಗೆ ಯಾವ ಅಳತೆಗಳನ್ನು ಹಿಡಿಯುತ್ತದೆ, ಬದಲಿ ಹಲ್ಲುಗಳು ಸುಲಭವಾಗಿ ಸಿಗುತ್ತವೆಯೇ ಎಂದು ಕೇಳಿ ತಿಳಿಯಬೇಕು. ಗೇಜಿನ ವಿಷಯದಲ್ಲಿ ಮಾತ್ರ ನನ್ನ ಅಸಮಾಧಾನ ಉಳಿದಿದೆ: ನಾನು ಬಳಸಿದ ರೆಂಚಿನಲ್ಲಿ ಅದು ಪಂಪಿನ ಬಳಿಯಿದ್ದು, ಬಾರ್ ಲೆಕ್ಕದಲ್ಲಷ್ಟೇ ತೋರಿಸುತ್ತಿತ್ತು. ಲಿವರ್ ಹಿಡಿದವನ ಕಣ್ಣೆದುರಿಗೆ, ಟಾರ್ಕಿನ ಅಂಕಿಗಳನ್ನೇ ಬರೆದ ಗೇಜ್ ಇರಬೇಕು. ಅದು ಸಿಗುವವರೆಗೆ ಎಂದು ನಮ್ಮ ರಿಗ್ಗಿನಲ್ಲಿ ಬಾರಿನ ಅಂಕಿಯ ಪಕ್ಕದಲ್ಲಿ ಆಯಾ ರಾಡಿನ ಬಿಗಿಯುವ ಮಿತಿಯನ್ನು ಲೆಕ್ಕಹಾಕಿ, ಬಣ್ಣದಲ್ಲಿ ಬರೆದ ತಗಡೊಂದನ್ನು ಲಿವರಿನ ಮೇಲ್ಗಡೆ ತೂಗುಹಾಕಿದ್ದೇವೆ.