ಅನಾಪ್ಲಾಸ್ಮಾಕ್ಕೆ ಜೀವಂತ ಲಸಿಕೆಯೋ, ಸತ್ತದ್ದೋ?

ಬದಿಯಡ್ಕ ಕಡೆ ಜರ್ಸಿ ಮಿಶ್ರತಳಿ ಸಾಕುವವರು ಉಣುಗು ಜ್ವರಕ್ಕೆ, ಅಂದರೆ ಉಣುಗು ಕಚ್ಚಿ ಹರಡುವ ಅನಾಪ್ಲಾಸ್ಮಾ ಬ್ಯಾಕ್ಟೀರಿಯಾದ ಕಾಯಿಲೆಗೆ, ಲಸಿಕೆ ಕೇಳುತ್ತಾರೆ. ಇಲ್ಲಿ ಸಿಗುವುದು ಥೈಲೇರಿಯಾ ಎಂಬ ಇನ್ನೊಂದು ಉಣುಗು ರೋಗದ ಲಸಿಕೆ, ಅದು ಈ ಬ್ಯಾಕ್ಟೀರಿಯಾಕ್ಕಲ್ಲ.

ಜೀವಂತ ಲಸಿಕೆಯಲ್ಲಿರುವುದು ಅನಾಪ್ಲಾಸ್ಮಾ ಸೆಂಟ್ರಾಲೆ, ರೋಗಾಣುವಿನ ಸೌಮ್ಯ ತಮ್ಮ. ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಆರ್ನಾಲ್ಡ್ ಥೈಲರ್ ಗುರುತಿಸಿದ್ದು. ಒಂದೇ ಚುಚ್ಚಿಗೆ ವರ್ಷಗಟ್ಟಲೆ ರಕ್ಷೆ. ಆದರೆ ಅದನ್ನು ಕರುವಿನ ರಕ್ತದಲ್ಲೇ ಬೆಳೆಸಬೇಕು. ಆ ರಕ್ತದಲ್ಲಿ ಬೇರೇನಾದರೂ ಅಡಗಿದ್ದರೆ ಅದೂ ಜೊತೆಗೆ ಬಂತು. ಎಳೆ ಕರುಗಳಿಗೆ ಸರಿ, ದೊಡ್ಡ ಹಸುಗಳಿಗೆ ಕಾಯಿಲೆ ಜೋರಾಗಬಹುದು.

ಸತ್ತ ಲಸಿಕೆಗೆ ಆ ಭಯವಿಲ್ಲ. ಮತ್ತೆ ಮತ್ತೆ ಕೊಡಬೇಕು, ರಕ್ಷೆಯೂ ತೆಳು. ಅಮೆರಿಕದ ಹಳೆಯದೊಂದರಲ್ಲಿ ರಕ್ತಕಣದ ಚೂರು ಉಳಿದು, ಅದರ ವಿರುದ್ಧ ತಾಯಿಹಸುವಿನಲ್ಲಿ ಹುಟ್ಟಿದ ಪ್ರತಿಕಾಯ ಗಿಣ್ಣುಹಾಲಿಗೆ ಸೇರಿ, ಅದನ್ನು ಕುಡಿದ ಕರುಗಳ ರಕ್ತವೇ ಒಡೆದದ್ದುಂಟು! ನನ್ನ ಓಟು ಜೀವಂತದ್ದಕ್ಕೆ.

ಸದ್ಯಕ್ಕೆ ಹಸುವಿನ ಕಣ್ರೆಪ್ಪೆಯ ಒಳಭಾಗ ಬಿಳಿಚಿ ಹಳದಿಯಾದರೆ, ಮೂತ್ರ ಕೆಂಪಾಗದಿದ್ದರೂ, ಡಾಕ್ಟರನ್ನು ಕರೆಸಿ. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬೇಗ ಬಿದ್ದಷ್ಟೂ ಒಳ್ಳೆಯದು.