ಸರಳ ಯಂತ್ರಗಳ ಕಿಟ್: ರಾಟೆಗೆ ಪೂರ್ತಿ ಅಂಕ, ಕೈಪಿಡಿಗೆ ಸೊನ್ನೆ

ಹೈಸ್ಕೂಲ್ ಪ್ರಯೋಗಾಲಯಕ್ಕೆಂದು ಮಾರುವ ಕಿಟ್ ಇದು, ಬೆಲೆ ಮೂರು ಸಾವಿರದೊಳಗೆ. ಪೆಟ್ಟಿಗೆಯಲ್ಲಿ ಎರಡೆರಡು ಗಾಲಿಯ ಎರಡು ರಾಟೆ, 80 ಸೆಂ.ಮೀ. ಹಲಗೆ, ಪುಟ್ಟ ಗಾಡಿ, ನಡುವೆ ತೂತಿರುವ ಮೀಟರ್ ಸ್ಕೇಲ್, 50 ಗ್ರಾಂ.ನ ಹತ್ತು ಬಿಲ್ಲೆ, 10 ನ್ಯೂಟನ್‌ನ ಸ್ಪ್ರಿಂಗ್ ತ್ರಾಸು, ಸ್ಟ್ಯಾಂಡ್, ನೈಲಾನ್ ದಾರ ಮತ್ತು ಒಂದು ತೆಳು ಕೈಪಿಡಿ ಇವೆ.

ರಾಟೆಗಳು ನಿಜಕ್ಕೂ ಚೆನ್ನಾಗಿವೆ. ಗಾಲಿ ಅಲುಗಾಡುವುದಿಲ್ಲ, ದಾರ ಗಾಲಿಯಿಂದ ಜಾರಿ ಪಕ್ಕಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಮೇಲೊಂದು ಕೆಳಗೊಂದು ಕಟ್ಟಿ, ಕೆಳಗಿನದಕ್ಕೆ 400 ಗ್ರಾಂ. ತೂಗುಹಾಕಿ 40 ಸೆಂ.ಮೀ. ದಾರ ಎಳೆದರೆ ಭಾರ ಸರಿಯಾಗಿ 10 ಸೆಂ.ಮೀ. ಏರುತ್ತದೆ. ದಾರ ಬಿಗಿಯಾದ ಮೇಲೆ ಗುರುತು ಹಾಕಿ ಅಳೆಯಬೇಕು, ಅಷ್ಟೇ. ನೈಲಾನ್ ಮೊದಲು ಒಂದಿಷ್ಟು ಹಿಗ್ಗಿಕೊಳ್ಳುತ್ತದೆ.

ತಕರಾರು ಶುರುವಾಗುವುದು ಬಲ ಅಳೆಯುವಾಗ. ಕೈಪಿಡಿಯ ಪ್ರಕಾರ ಉತ್ತರ 0.98 ನ್ಯೂಟನ್, ಅಂದರೆ 400 ಗ್ರಾಂ.ನ ಭಾರವಾದ 3.92 ನ್ಯೂಟನ್‌ನ ಕಾಲು ಭಾಗ, ಅದನ್ನು ನಾಲ್ಕು ಎಳೆ ದಾರ ಹೊರುತ್ತದಲ್ಲ. ತ್ರಾಸು ತೋರಿಸುವುದು ಸುಮಾರು 1.5. ಮಕ್ಕಳು ತಪ್ಪು ಮಾಡಿದರೆಂದು ಕೆಂಪು ಗೀಟು ಎಳೆಯಬೇಡಿ, ತಪ್ಪು ಕೈಪಿಡಿಯದು. ಕೆಳಗಿನ ರಾಟೆಯೇ 60 ಗ್ರಾಂ. ಇದೆ, ಅದೂ ಭಾರದ ಜೊತೆ ಏರಬೇಕಲ್ಲ? ಅದನ್ನು ಸೇರಿಸಿದರೆ 1.13 ಆಯಿತು. ಉಳಿದದ್ದು ಗಾಲಿಯ ಅಚ್ಚಿನ ಘರ್ಷಣೆ. ಹಾಕಿದ ಕೆಲಸ 1.5 × 0.40 = 0.60 ಜೂಲ್, ಪಡೆದದ್ದು 3.92 × 0.10 = 0.39 ಜೂಲ್. ದಕ್ಷತೆ 65 ಶೇಕಡ. ಇಷ್ಟು ಬೆಲೆಯ ರಾಟೆಗೆ ಇದು ಒಳ್ಳೆಯ ಅಂಕಿ.

ಘರ್ಷಣೆಯನ್ನು ಕಣ್ಣಿಗೆ ಕಾಣಿಸುವುದಕ್ಕೂ ದಾರಿಯಿದೆ. ಭಾರವನ್ನು ನಿಧಾನವಾಗಿ, ಒಂದೇ ವೇಗದಲ್ಲಿ ಏರಿಸುತ್ತಾ ಓದಿದರೆ 1.5, ಹಾಗೆಯೇ ಇಳಿಸುತ್ತಾ ಓದಿದರೆ 0.8. ಎರಡರ ಸರಾಸರಿ 1.15, ಲೆಕ್ಕದ 1.13ಕ್ಕೆ ಬಹುತೇಕ ತಾಗುತ್ತದೆ. ಕೈ ನಿಲ್ಲಿಸಿ ಓದಿದರೆ ಮಾತ್ರ ಮುಳ್ಳು 0.8ರಿಂದ 1.5ರ ನಡುವೆ ಎಲ್ಲಿ ಬೇಕಾದರೂ ನಿಂತುಬಿಡುತ್ತದೆ. ಒಂದೇ ಬೆಂಚಿನ ಮೂವರು ಮೂರು ಉತ್ತರ ಬರೆಯುವುದು ಇದರಿಂದಲೇ. ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಸಾಕು. ಹೆಚ್ಚಾದರೆ ಸೀಮೆಸುಣ್ಣದ ಪುಡಿ ಕೂತು ಅಂಟಾಗುತ್ತದೆ.

ಕೊಟ್ಟಿರುವ ತ್ರಾಸು ಈ ಕೆಲಸಕ್ಕೆ ಒರಟು. ಒಂದು ಗೀಟಿಗೆ 0.2 ನ್ಯೂಟನ್. 2.5 ನ್ಯೂಟನ್‌ನದೊಂದು ಬೇರೆ ಕೊಳ್ಳಿ. ಇನ್ನೊಂದು ಎಡವಟ್ಟು: ದಾರವನ್ನು ಕೆಳಕ್ಕೆ ಎಳೆಯುವಾಗ ತ್ರಾಸು ತಲೆಕೆಳಗಾಗಿರುತ್ತದೆ. ಕೊಕ್ಕೆ ಮತ್ತು ಕಡ್ಡಿ ಸೇರಿ 10 ಗ್ರಾಂ. ಇದ್ದರೆ ಓದು ಅದರ ಎರಡರಷ್ಟು, ಅಂದರೆ ಸುಮಾರು 0.2 ನ್ಯೂಟನ್ ಕಡಿಮೆ ಬರುತ್ತದೆ. ತಲೆಕೆಳಗಾಗಿ ಹಿಡಿದುಕೊಂಡೇ ಸೊನ್ನೆಗೆ ಹೊಂದಿಸಿ, ಆಮೇಲೆ ದಾರ ಕಟ್ಟಿ.

ಸ್ಟ್ಯಾಂಡ್ ಬೀಳುತ್ತದೆ. ಮೇಲಿನ ಕೊಕ್ಕೆಯ ಮೇಲೆ ಬೀಳುವುದು ಭಾರವಷ್ಟೇ ಅಲ್ಲ, ನೀವು ಕೆಳಕ್ಕೆ ಎಳೆಯುವ ಬಲವೂ ಸೇರುತ್ತದೆ. ರಾಟೆಗಳ ತೂಕವೂ ಸೇರಿ ಒಟ್ಟು 6 ನ್ಯೂಟನ್‌ಗೂ ಹೆಚ್ಚು. ಸ್ಟ್ಯಾಂಡಿನ ಪಾದವನ್ನು ಜಿ-ಕ್ಲಾಂಪ್ (ತಿರುಪಿನ ಹಿಡಿಕೆ) ಹಾಕಿ ಮೇಜಿಗೆ ಬಿಗಿಯಿರಿ.

ಇಳಿಜಾರಿನ ಹಲಗೆ ನಯವಾಗಿದೆ. ಒಂದು ತುದಿಯನ್ನು 20 ಸೆಂ.ಮೀ. ಎತ್ತರಿಸಿ, ಬಿಲ್ಲೆ ಸೇರಿ 500 ಗ್ರಾಂ. ಆದ ಗಾಡಿಯನ್ನು ಎಳೆದರೆ 1.4 ನ್ಯೂಟನ್ ಸಾಕು; ಘರ್ಷಣೆಯೇ ಇಲ್ಲದಿದ್ದರೆ 1.23 ಬೇಕಿತ್ತು. ಗಾಡಿಯನ್ನು ಮಗುಚಿ, ಚಕ್ರ ಮೇಲೆ ಮಾಡಿ ಎಳೆಯಿರಿ: 2.9ಕ್ಕೆ ಏರುತ್ತದೆ, ದಕ್ಷತೆ 42 ಶೇಕಡಕ್ಕೆ ಕುಸಿಯುತ್ತದೆ. (ಇದು 2.5 ನ್ಯೂಟನ್‌ನ ತ್ರಾಸಿಗೆ ಮೀರಿದ್ದು; ಕಿಟ್‌ನದೇ ತ್ರಾಸು ಉಪಯೋಗಕ್ಕೆ ಬರುವುದು ಇಲ್ಲಿ.) ಹಲಗೆಯ ಮೇಲ್ತುದಿಯ ರಾಟೆ ಗಾಡಿಯ ಕೊಕ್ಕೆಗಿಂತ 3 ಸೆಂ.ಮೀ. ಮೇಲಿದೆ. ಹಾಗಾಗಿ ದಾರ ಹಲಗೆಗೆ ಸಮಾಂತರವಾಗಿರುವುದಿಲ್ಲ. ಹಲಗೆಯ ನಡುವೆ ಇದರಿಂದ ತೊಂದರೆಯಿಲ್ಲ, ಕೊನೆಯ 5 ಸೆಂ.ಮೀ.ನಲ್ಲಿ ಮಾತ್ರ ಓದು ಆರರಲ್ಲೊಂದು ಪಾಲು ಏರಿಬಿಡುತ್ತದೆ. ಅಲ್ಲಿಗೆ ಮುಟ್ಟುವ ಮುಂಚೆಯೇ ಓದಿಕೊಳ್ಳಿ.

ಸನ್ನೆಯಾಗಿ (ಲಿವರ್) ಬಳಸುವ ಮೀಟರ್ ಸ್ಕೇಲ್‌ನಲ್ಲಿ ತೂತನ್ನು ಸರಿಯಾಗಿ ನಟ್ಟನಡುವೆ ಕೊರೆದಿದ್ದಾರೆ. ಅಚ್ಚುಕಟ್ಟು ಅನ್ನಿಸಿದರೂ ಅದೇ ದೋಷ: ಓರೆ ಮಾಡಿ ಬಿಟ್ಟರೆ ಓರೆಯಾಗಿಯೇ ನಿಲ್ಲುತ್ತದೆ, ಸಮತೋಲ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ. ನಡುಗೆರೆಯಿಂದ 5 ಮಿ.ಮೀ. ಮೇಲೆ ಇನ್ನೊಂದು ತೂತು ಕೊರೆದರೆ ತಾನಾಗಿಯೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬಿಲ್ಲೆಗಳನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ತೂಗಿ, ನಿಜವಾದ ತೂಕವನ್ನು ಪ್ರತಿಯೊಂದರ ಮೇಲೂ ಬರೆದಿಡಿ. ಎಲ್ಲವೂ 50 ಗ್ರಾಂ. ಇಲ್ಲ.

ಹೊಸ ತ್ರಾಸು, ಕ್ಲಾಂಪ್‌ನ ಖರ್ಚು ಸೇರಿಸಿಕೊಂಡೇ ಕೊಳ್ಳುವುದಾದರೆ ಕಿಟ್ ಕೊಳ್ಳಬಹುದು.